ಗಿಜುಭಾಯಿ ಓದಿ ಕ್ಲಾಸಲ್ಲಿ ಕಥೆ ಶುರು ಮಾಡಿದೆ, ಈಗ ಪಾಠ ಹಿಂದೆ ಬಿದ್ದಿದೆ. ಎಂತ ಮಾಡುವುದು?

ನಾಲ್ಕನೇ_ಕ್ಲಾಸು
ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಶಾಲೆಯ ಹೆಸರು ಕೇಳಬೇಡಿ, ಇಲ್ಲಿ ನಮ್ಮ ಸಿಆರ್‌ಪಿ (ಶಾಲೆಗಳ ಕೆಲಸ ನೋಡಲಿಕ್ಕೆ ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೂಡ ಇರಬಹುದು.

ಬೇಸಿಗೆ ರಜೆಯಲ್ಲಿ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಓದಿದೆ. ಗೊತ್ತಿಲ್ಲದವರಿಗೆ: ಗುಜರಾತಿನ ಭಾವನಗರದವರು, 1885ರಲ್ಲಿ ಹುಟ್ಟಿದ್ದು, ವಕೀಲಿಕೆ ಬಿಟ್ಟು ಮಕ್ಕಳ ಶಾಲೆಗೆ ಬಂದವರು. ಪುಸ್ತಕದಲ್ಲಿ ಒಬ್ಬ ಮೇಷ್ಟ್ರು ವಿದ್ಯಾಧಿಕಾರಿಯ ಹತ್ತಿರ ಹೋಗಿ ಒಂದು ವರ್ಷಕ್ಕೆ ನಾಲ್ಕನೇ ಕ್ಲಾಸು ಕೇಳಿ ತೆಗೆದುಕೊಳ್ಳುತ್ತಾನೆ. ಮೊದಲ ದಿನ ಮಕ್ಕಳಿಗೆ 'ಮೌನದ ಆಟ' ಆಡಿಸಲಿಕ್ಕೆ ಹೋಗಿ ಪೂರಾ ಮರ್ಯಾದೆ ಕಳಕೊಳ್ಳುತ್ತಾನೆ. ಮಕ್ಕಳು ಬೊಬ್ಬೆ ಹಾಕಿ ಕ್ಲಾಸನ್ನೇ ಸಂತೆ ಮಾಡುತ್ತಾರೆ. ಮರುದಿನ ಬಂದು ಕಥೆ ಶುರು ಮಾಡಿದ, ಪಿನ್ ಬಿದ್ದರೂ ಕೇಳಬೇಕು!

ನಂದೂ ನಾಲ್ಕನೇ ಕ್ಲಾಸೇ. ಮೂರನೇವರೆಗೆ ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಯ ಚಟುವಟಿಕೆ ಪದ್ಧತಿ) ನೆಲದ ಮೇಲೆ ಕಾರ್ಡು ಹಿಡಿದು ಕೂತ ಮಕ್ಕಳು ನಾಲ್ಕಕ್ಕೆ ಬಂದ ಕೂಡಲೇ ಬೆಂಚು, ದಪ್ಪ ಪುಸ್ತಕ. ಜೂನ್ ತಿಂಗಳಿಡೀ ಅವಕ್ಕೆ ತಲೆಬುಡ ಗೊತ್ತಾಗುವುದಿಲ್ಲ. ಹಾಗಾಗಿ ಈ ಸಲ ನಾನೂ ಹಾಜರಿ ಕರೆದ ಮೇಲೆ ಕಥೆ ಹೇಳಲಿಕ್ಕೆ ಶುರು ಮಾಡಿದೆ. ಅಜ್ಜಿ ಹೇಳುತ್ತಿದ್ದ ಹುಲಿ ಕಥೆ, ದಿನಾ ಸ್ವಲ್ಪ. ಸ್ವಲ್ಪ ಅಂತ ಹೊರಟದ್ದು ಮುಕ್ಕಾಲು ಗಂಟೆ ಆಗುತ್ತದೆ, ಅದೇ ತೊಂದರೆ. ಕನ್ನಡದಲ್ಲಿ ಎರಡು ಪಾಠ, ಗಣಿತದಲ್ಲಿ ಒಂದು ಘಟಕ ಹಿಂದೆ ಇದ್ದೇನೆ. ಹೆಡ್ ಮೇಷ್ಟ್ರು ಪಾಠ ಯೋಜನೆ ಪುಸ್ತಕ ನೋಡಿ "ಹುಲಿ ಯಾವ ಘಟಕದಲ್ಲಿ ಬರ್ತದೆ ಟೀಚರ್?" ಅಂತ ಕೇಳಿದರು. ಒಬ್ಬರು ಪೋಷಕರು ಬಂದು "ಮಗಳು ಮನೇಲಿ ಮಗ್ಗಿ ಕೇಳಿದ್ರೆ ಹುಲಿ ಕಥೆ ಹೇಳ್ತಾಳೆ" ಅಂತ ದೂರು ಕೊಟ್ಟರು.

ಇಂಥ ಪುಸ್ತಕ ಓದಿ ಕ್ಲಾಸಲ್ಲಿ ಮಾಡಿ ನೋಡಿದವರು ಯಾರಾದರೂ ಇದ್ದೀರಾ? ನಿಲ್ಲಿಸುವುದಾ, ಮುಂದುವರಿಸುವುದಾ?

ಗೋಳಿಬಜೆ
ಹೆಡ್ ಮೇಷ್ಟ್ರು ಕೇಳಿದ್ದು ಸಮ ಉಂಟಲ್ಲ ಟೀಚರ್ 😄 ಹುಲಿ ಪರಿಸರ ಅಧ್ಯಯನದಲ್ಲಿ ಬರ್ತದೆ ಅನ್ನಿ, ಮುಗೀತು.

ಪಡುಬಿದ್ರಿ_ಅಪ್ಪ
ಬೇಜಾರು ಮಾಡಬೇಡಿ ಟೀಚರ್, ಒಬ್ಬ ಪೋಷಕನಾಗಿ ಹೇಳ್ತೇನೆ. ನನ್ನ ಮಗ ಐದನೇ ಕ್ಲಾಸು, ಸರ್ಕಾರಿ ಶಾಲೆಯೇ. ಏಳರ ಮಗ್ಗಿ ಬರುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದಾರೆ, ಮೊಬೈಲ್ ಉಂಟು, ಕಥೆಗೆ ಬರ ಇಲ್ಲ. ಶಾಲೆಗೆ ಕಳಿಸುವುದು ಮನೆಯಲ್ಲಿ ಆಗದ್ದನ್ನು ಕಲಿಯಲಿಕ್ಕೆ. ನೂರು ವರ್ಷದ ಹಿಂದೆ ಗುಜರಾತಿನಲ್ಲಿ ಯಾರೋ ಮಾಡಿದ್ದು ಇಲ್ಲಿಗೆ ಯಾಕೆ? ನಮ್ಮ ಜಿಲ್ಲೆ 2025ರಲ್ಲಿ ದ್ವಿತೀಯ ಪಿಯುಸಿಯಲ್ಲಿ 93.90 ಪರ್ಸೆಂಟ್ ತಂದು ರಾಜ್ಯಕ್ಕೇ ಫಸ್ಟು. ನಮ್ಮ ಪದ್ಧತಿ ಅಷ್ಟು ಕೆಟ್ಟದಾಗಿದ್ದರೆ ಅದು ಹೇಗೆ ಬಂತು?

ಮಣಿಪಾಲ್_ಅಮ್ಮ
ಪಡುಬಿದ್ರಿಯವರೇ, ಆ 93.90ರಲ್ಲಿ ಟ್ಯೂಷನಿಗೆ ಕೊಟ್ಟ ದುಡ್ಡು ಎಷ್ಟು ಅಂತ ಲೆಕ್ಕ ಹಾಕಿದವರುಂಟಾ? ನನ್ನ ಮಗಳು ಬೆಳಿಗ್ಗೆ ಐದೂವರೆಗೆ ಎದ್ದು ಕೋಚಿಂಗಿಗೆ ಹೋಗ್ತಾಳೆ. ಕಳೆದ ವಾರ ಕಾಪಿಯಲ್ಲಿ ಇದ್ದ ಒಂದು ಉತ್ತರದ ಅರ್ಥ ಎಂತ ಅಂತ ಕೇಳಿದೆ. "ಅರ್ಥ ಕೇಳುವುದಿಲ್ಲಮ್ಮ, ಹೀಗೇ ಬರೆಯಬೇಕು" ಅಂದಳು. ನಾನು ಮತ್ತೆ ಕೇಳಲಿಲ್ಲ.

ಪಡುಬಿದ್ರಿ_ಅಪ್ಪ
ಟ್ಯೂಷನ್ ಬೇರೆ ವಿಷಯ. ಅದಕ್ಕೂ ಹುಲಿಗೂ ಸಂಬಂಧ ಇಲ್ಲ.

ನಿವೃತ್ತ_ಮೇಷ್ಟ್ರು
ಸಂಬಂಧ ಉಂಟು ಮಾರಾಯ್ರೆ, ಸ್ವಲ್ಪ ಉದ್ದ ಬರೀತೇನೆ, ತಾಳ್ಮೆ ಇರಲಿ.

ನಾನು 36 ವರ್ಷ ಪ್ರಾಥಮಿಕ ಶಾಲೆಯಲ್ಲಿ ಇದ್ದವ, ಬಂಟ್ವಾಳ, ಬೆಳ್ತಂಗಡಿ ಕಡೆ. ಕೆಲಸಕ್ಕೆ ಸೇರುವಾಗ ಕೈಯಲ್ಲಿ ನಾಗರಬೆತ್ತ ಇತ್ತು, ಸುಳ್ಳು ಹೇಳುವುದಿಲ್ಲ. ಮೇಜಿನ ಮೇಲೆ ಅದನ್ನು ಅಡ್ಡ ಇಟ್ಟರೆ ಸಾಕು, ಗಿಜುಭಾಯಿಯ ಮೌನದ ಆಟ ನನ್ನ ಕ್ಲಾಸಲ್ಲಿ ಮೊದಲ ದಿನವೇ ಪಾಸು! ಮಗ್ಗಿ ಇಪ್ಪತ್ತರವರೆಗೆ ಎಲ್ಲರಿಗೂ ಬರುತ್ತಿತ್ತು. ಒಬ್ಬ ಹುಡುಗ ಇದ್ದ, ಹನ್ನೆರಡರ ಮಗ್ಗಿ ನೀರು ಕುಡಿದ ಹಾಗೆ ಹೇಳುತ್ತಿದ್ದ. ಒಂದು ದಿನ ಅವನನ್ನು ಗೂಡಂಗಡಿಗೆ ಕಳಿಸಿದೆ, ಹನ್ನೆರಡು ರೂಪಾಯಿ ಡಜನಿನ ಬಾಳೆಹಣ್ಣು ಏಳು ತರಲಿಕ್ಕೆ. ಎಷ್ಟು ಕೊಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ. ಅಂಗಡಿಯವ ಹೇಳಿದಷ್ಟು ಕೊಟ್ಟು ಬಂದ. ಆ ದಿನ ನನಗೆ ಸ್ವಲ್ಪ ನಾಚಿಕೆ ಆಯ್ತು.

ಈಗ ಬೆತ್ತ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವುದೂ ಇಲ್ಲ, ಮನಸ್ಸಿಗೆ ಹಿಂಸೆ ಕೊಡುವುದೂ ಇಲ್ಲ. ಒಳ್ಳೆಯದೇ ಆಯ್ತು. ಆದರೆ ಬೆತ್ತ ತೆಗೆದವರು ಅದರ ಜಾಗದಲ್ಲಿ ಎಂತ ಇಡಬೇಕು ಅಂತ ಮೇಷ್ಟ್ರಿಗೆ ಹೇಳಲಿಲ್ಲ. ಗಿಜುಭಾಯಿ ಅದನ್ನೇ ಹೇಳ್ತಾನೆ: ಕಥೆ ಇಡಿ.

ಟೀಚರ್, ನಿಮ್ಮದು ಒಂದೇ ತಪ್ಪು. ನೀವು ಕಥೆ ಮುಗಿಸ್ಲಿಕ್ಕೆ ನೋಡ್ತೀರಿ. ಹತ್ತು ನಿಮಿಷಕ್ಕೆ ನಿಲ್ಲಿಸಿ. ಹುಲಿ ಹಟ್ಟಿಯ ಬಾಗಿಲಿಗೆ ಬಂತು ಅನ್ನುವಾಗ ಚಾಕ್‌ಪೀಸ್ ಕೈಗೆ ತಕ್ಕೊಳ್ಳಿ.

ಕುಂದಾಪ್ರದ್_ಮಾಣಿ
ಹ್ವಾಯ್ ಮೇಷ್ಟ್ರೇ, ಡಜನ್ ಲೆಕ್ಕ ಈಗ್ಳೂ ನಂಗ್ ಬತ್ತಿಲ್ಲ, ಕೆಜಿ ಲೆಕ್ಕದಗೆ ಕೊಡ್ತ್ರ್ ಅಲ್ದಾ ಈಗ 😂

ಭಾವನಗರ_ಅಲ್ಲ_ಬಾರ್ಕೂರು
ಗಿಜುಭಾಯಿ ಬಗ್ಗೆ ಒಂದು ವಿಷಯ ಸ್ಪಷ್ಟ ಮಾಡಬೇಕು. 'ದಿವಾಸ್ವಪ್ನ' ಅಂದರೆ ಹಗಲುಗನಸು. ಅದು ಪ್ರಯೋಗದ ವರದಿ ಅಲ್ಲ, ಕಥೆ. ಆ ಮೇಷ್ಟ್ರು, ಆ ನಾಲ್ಕನೇ ಕ್ಲಾಸು, ಆ ವಿದ್ಯಾಧಿಕಾರಿ, ಎಲ್ಲ ಕಲ್ಪನೆ. ಗಿಜುಭಾಯಿ ನಿಜವಾಗಿ ನಡೆಸಿದ್ದು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಶುರುವಾದ ಬಾಲಮಂದಿರ. ಅಲ್ಲಿ ಇದ್ದದ್ದು ಪುಟ್ಟ ಮಕ್ಕಳು, ಶಾಲೆಗೆ ಸೇರುವ ವಯಸ್ಸು ಆಗದವರು. ಅಲ್ಲಿ ವರ್ಷಗಟ್ಟಲೆ ನೋಡಿದ್ದನ್ನು ಸರ್ಕಾರಿ ಶಾಲೆಯ ದೊಡ್ಡ ಕ್ಲಾಸಲ್ಲಿ ಮಾಡಿದರೆ ಹೇಗಿರುತ್ತದೆ ಅಂತ ಕಲ್ಪಿಸಿಕೊಂಡು ಬರೆದದ್ದು. ಆದ್ದರಿಂದ 'ಅಲ್ಲಿ ಆಯ್ತು, ಇಲ್ಲಿ ಯಾಕೆ ಆಗುವುದಿಲ್ಲ' ಅಂತ ಕೇಳುವ ಹಾಗೆ ಇಲ್ಲ. ಅಲ್ಲೂ ಆದದ್ದು ಪುಸ್ತಕದಲ್ಲಿ.

ದುಬೈ_ಮಂಗ್ಳೂರಿಗ
ಗಿಜುಭಾಯಿ ಇಟಲಿಯ ಶಿಕ್ಷಣತಜ್ಞೆ ಮಾಂಟೆಸ್ಸರಿಯವರ ಶಿಷ್ಯ ಅಲ್ವಾ? ಅವರು ಇಂಡಿಯಾಕ್ಕೆ ಬಂದಾಗ ಟ್ರೈನಿಂಗ್ ಕೊಟ್ಟದ್ದು ಇವರಿಗೇ ಇರಬೇಕು.

ಭಾವನಗರ_ಅಲ್ಲ_ಬಾರ್ಕೂರು
ಇಲ್ಲ. ಮಾಂಟೆಸ್ಸರಿ ಮದ್ರಾಸಿಗೆ ಬಂದದ್ದು 1939ರ ಕೊನೆಗೆ. ಗಿಜುಭಾಯಿ ತೀರಿಕೊಂಡದ್ದು ಅದೇ ವರ್ಷ ಜೂನ್‌ನಲ್ಲಿ. ಮಗ ಹುಟ್ಟಿದ ಮೇಲೆ ಮಕ್ಕಳನ್ನು ಬೆಳೆಸುವುದು ಹೇಗೆ ಅಂತ ಹುಡುಕುತ್ತಾ ಹೋಗಿ ಮಾಂಟೆಸ್ಸರಿಯ ಬರಹ ಓದಿದ್ದು. ಪುಸ್ತಕ ನೋಡಿ ಕಲಿತವರೇ, ನಮ್ಮ ಟೀಚರ್ ಹಾಗೆ. 'ಮೂಛಾಳಿ ಮಾ', ಅಂದರೆ ಮೀಸೆ ಇರುವ ಅಮ್ಮ ಅಂತ ಅಲ್ಲಿ ಹೆಸರು ಅವರಿಗೆ.

ದುಬೈ_ಮಂಗ್ಳೂರಿಗ
ಓಕೆ ಓಕೆ, ಗೊತ್ತಿರಲಿಲ್ಲ.

ಅರ್ಥಧಾರಿ
ಮಕ್ಕಳಿಗೆ ಕಥೆ ಹೇಳಿ ಕಲಿಸುವುದನ್ನು ಗುಜರಾತಿನಿಂದ ಕಲಿಯಬೇಕಾ ನಾವು? ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಯುವ ನಮ್ಮ ತಾಳಮದ್ದಲೆ ಎಲ್ಲಿ ಹೋಯ್ತು? ಅಕ್ಷರ ಬಾರದ ನನ್ನ ಅಜ್ಜನಿಗೆ ಕರ್ಣನ ಮನಸ್ಸಿನಲ್ಲಿ ಎಂತ ಇತ್ತು, ಕೃಷ್ಣ ಯಾಕೆ ಹಾಗೆ ಮಾತಾಡಿದ ಅಂತ ಗಂಟೆಗಟ್ಟಲೆ ವಾದ ಮಾಡ್ಲಿಕ್ಕೆ ಬರುತ್ತಿತ್ತು. ಈಗ ನಮ್ಮ ಕಡೆ ಎಷ್ಟೋ ಹೈಸ್ಕೂಲಲ್ಲಿ ಯಕ್ಷಗಾನ ಕಲಿಸ್ತಾರೆ, ಹೆಣ್ಣುಮಕ್ಕಳೂ ಗೆಜ್ಜೆ ಕಟ್ತಾರೆ. ಹಾಗೆ ಕಲಿತ ಹುಡುಗ ಒಂದು ಇಂಗ್ಲಿಷ್ ಶಬ್ದ ಇಲ್ಲದೆ ಹತ್ತು ನಿಮಿಷ ಕನ್ನಡ ಮಾತಾಡ್ತಾನೆ. ಇದಕ್ಕಿಂತ ದೊಡ್ಡ ಶಿಕ್ಷಣ ಬೇಕಾ?

ಮಣಿಪಾಲ್_ಅಮ್ಮ
ಯಕ್ಷಗಾನದ ಮೇಲೆ ನನಗೂ ಗೌರವ ಉಂಟು, ಆದರೆ ಶಾಲೆಯಲ್ಲಿ ಕಲಿಸುವಾಗ ಮಕ್ಕಳಿಗೆ ಅರ್ಥ, ಅಂದರೆ ಪಾತ್ರದ ಮಾತು, ಬರೆದೇ ಕೊಡುವುದು. ಬಾಯಿಪಾಠ ಮಾಡಿ ಒಪ್ಪಿಸುವುದು. ನಿಮ್ಮ ಅಜ್ಜನ ಹಾಗೆ ಆಚೆಯವ ಎಂತ ಹೇಳ್ತಾನೆ ನೋಡಿ ಉತ್ತರ ಕೊಡುವುದಲ್ಲ. ವಾರ್ಷಿಕೋತ್ಸವದಲ್ಲಿ ಒಬ್ಬ ಹುಡುಗ ಎದುರಿನವನ ಮಾತು ಮುಗಿಯುವ ಮೊದಲೇ ತನ್ನ ಉತ್ತರ ಹೇಳಿಬಿಟ್ಟದ್ದು ನಾನೇ ನೋಡಿದ್ದೇನೆ.

ಅರ್ಥಧಾರಿ
ಅದು ಕಲಿಸಿದವರ ತಪ್ಪು, ಯಕ್ಷಗಾನದ್ದಲ್ಲ.

ಮಣಿಪಾಲ್_ಅಮ್ಮ
ಅದನ್ನೇ ನಾನೂ ಹೇಳಿದ್ದು 🙂

ಪುತ್ತೂರು_ಪುಸ್ತಕದಂಗಡಿ
ನಮ್ಮವರನ್ನೂ ಸ್ವಲ್ಪ ನೆನಪು ಮಾಡಿಕೊಳ್ಳಿ ಮಾರಾಯ್ರೆ. ಬಂಟ್ವಾಳದ ಪಂಜೆ ಮಂಗೇಶರಾಯರು ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿದವರು. ಮಕ್ಕಳಿಗೆ ಓದ್ಲಿಕ್ಕೆ ಎಂತವೂ ಇಲ್ಲ ಅಂತ ನೋಡಿ ತಾವೇ ಬರೆದರು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಗಿಜುಭಾಯಿ ಬಾಲಮಂದಿರ ಶುರು ಮಾಡಿದ ಮರುವರ್ಷ ನೋಡಿ! ಒಬ್ಬರಿಗೆ ಇನ್ನೊಬ್ಬರು ಗೊತ್ತಿದ್ದರೋ ಇಲ್ಲವೋ, ಕೆಲಸ ಒಂದೇ. ಕೋಟದ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ನಾಟಕ, ಕುಣಿತ ಎಲ್ಲ ಮಾಡಿದರು, ಮಕ್ಕಳಿಗೆ ಅಂತಲೇ 'ಬಾಲ ಪ್ರಪಂಚ' ಮೂರು ಸಂಪುಟ ಬರೆದರು. ಒಬ್ಬನೇ ಕೂತು ವಿಶ್ವಕೋಶ!

ಕುಂದಾಪ್ರದ್_ಮಾಣಿ
ಕಾರಂತ್ರ್ ನಮ್ಮ್ ಬದಿಯರ್, ಪುತ್ತೂರಿಗೆ ಬಿಟ್ ಕೊಡುದಿಲ್ಲ 😎

ಪುತ್ತೂರು_ಪುಸ್ತಕದಂಗಡಿ
ಹುಟ್ಟಿದ್ದು ನಿಮ್ಮಲ್ಲಿ, ಕೆಲಸ ಮಾಡಿದ್ದು ನಮ್ಮಲ್ಲಿ. ಪಾಲು ಸರಿ ಆಯ್ತಾ?

ನೀರ್ದೋಸೆ
ಊರಿನ ಜಗಳ ಸಾಕು. ನಾನೂ ಟೀಚರ್, ಮಲ್ಪೆ ಕಡೆ. ಇಲ್ಲಿ ಯಾರೂ ಹೇಳದ ಒಂದು ವಿಷಯ ಉಂಟು.

ಗಿಜುಭಾಯಿಯ ಕ್ಲಾಸಲ್ಲಿ ಮೇಷ್ಟ್ರದ್ದೂ ಗುಜರಾತಿ, ಮಕ್ಕಳದ್ದೂ ಗುಜರಾತಿ. ಕಥೆ ಬಾಯಿಂದ ಹೊರಟರೆ ಸೀದಾ ಕಿವಿಗೆ. ನನ್ನ ಕ್ಲಾಸಲ್ಲಿ 27 ಮಕ್ಕಳು. ಮನೆಯಲ್ಲಿ ತುಳು ಮಾತಾಡುವವರು, ಕೊಂಕಣಿಯವರು, ಬ್ಯಾರಿ ಮಕ್ಕಳು ಮೂರು. ಅರ್ಧಕ್ಕಿಂತ ಹೆಚ್ಚು ಬಾಗಲಕೋಟೆ, ಕೊಪ್ಪಳ ಕಡೆಯಿಂದ ಬಂದರಿಗೆ, ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಅವರಿಲ್ಲದಿದ್ದರೆ ನಮ್ಮ ಶಾಲೆ ಯಾವಾಗಲೋ ಮುಚ್ಚುತ್ತಿತ್ತು, ಅದು ಬೇರೆ. ನಾನು "ಪೆಟ್ಟಿಗೆಯಲ್ಲಿ ಎಂತ ಉಂಟು?" ಅಂದ್ರೆ ಆ ಮಕ್ಕಳು ಮುಖ ನೋಡ್ತಾವೆ, "ಏನೈತಿ" ಅನ್ನಬೇಕು. ಪುಸ್ತಕದಲ್ಲಿ "ಏನಿದೆ". ಎಲ್ಲವೂ ಕನ್ನಡವೇ!

ಕಳೆದ ವರ್ಷ ಒಂದು ಹುಲಿ ಕಥೆ ನಾನೂ ಹೇಳಿದ್ದೆ. ತುಳು ಮಕ್ಕಳು "ಪಿಲಿ ಪಿಲಿ" ಅಂತ ಬೆಂಚು ಬಡಿದು ಹುಲಿವೇಷದ ಪೆಟ್ಟು ಶುರು ಮಾಡಿದವು. ಕೊಂಕಣಿ ಹುಡುಗಿ "ವಾಗ್" ಅಂದಳು. ಆವರೆಗೆ ಬಾಯಿ ಬಿಡದೆ ಕೂತಿದ್ದ ಹುನಗುಂದದ ಹುಡುಗ ಎದ್ದು ನಿಂತು, "ನಮ್ಮೂರಾಗ ಹುಲಿ ಇಲ್ರಿ ಟೀಚರ್, ತ್ವಾಳ ಐತ್ರಿ" ಅಂದ. ಆಮೇಲೆ ತೋಳ ಆಡು ಹೊತ್ತುಕೊಂಡು ಹೋದದ್ದು, ಅವನ ಅಜ್ಜ ಕಂಬಳಿ ಬೀಸಿ ಓಡಿಸಿದ್ದು ಎಲ್ಲ ಹೇಳಿದ. ಬೋರ್ಡಿನಲ್ಲಿ ಹುಲಿ, ಪಿಲಿ, ವಾಗ್ ಬರೆದು ಕೆಳಗೆ ತೋಳ ಅಂತ ಬರೆದೆ. ಅವತ್ತಿನ ಕಾಪಿ ಬರವಣಿಗೆ ಅದೇ. ಆ ಹುಡುಗ ಒತ್ತಕ್ಷರ ಇಲ್ಲದ ಶಬ್ದ ಸಿಕ್ಕಿತು ಅಂತ ಕುಶಿಯಲ್ಲಿ ತೋಳ, ತೋಳ, ತೋಳ ಅಂತ ಪುಟ ತುಂಬಿಸಿದ.

ಹಾಗಾಗಿ ನಿಲ್ಲಿಸಬೇಡಿ. ಆದರೆ ಪುಸ್ತಕದಲ್ಲಿ ಇದ್ದ ಹಾಗೇ ಆಗಬೇಕು ಅಂತ ಕಾಯಬೇಡಿ.

ನಾಲ್ಕನೇ_ಕ್ಲಾಸು
ತ್ವಾಳ ಓದಿ ಒಬ್ಬಳೇ ನಗುತ್ತಾ ಇದ್ದೇನೆ ಟೀಚರ್. ನನ್ನ ಕ್ಲಾಸಲ್ಲಿ 23 ಮಕ್ಕಳು, ಭಾಷೆಯ ಕಥೆ ಹೆಚ್ಚುಕಮ್ಮಿ ಇದೇ. ಮೇಷ್ಟ್ರು ಹೇಳಿದ ಹತ್ತು ನಿಮಿಷದ ಲೆಕ್ಕ ನಾಳೆಯಿಂದ ನೋಡ್ತೇನೆ.

ಗೋಳಿಬಜೆ
ನಾಳೆ ಡಿಸಿ ರಜೆ ಕೊಟ್ಟಿದ್ದಾರೆ ಟೀಚರ್, ರೆಡ್ ಅಲರ್ಟ್ 🌧️

ನಾಲ್ಕನೇ_ಕ್ಲಾಸು
ಅಯ್ಯೋ. ಈ ರಜೆಗಳನ್ನೆಲ್ಲ ಶನಿವಾರ ಇಡೀ ದಿನ ಶಾಲೆ ಮಾಡಿ ತುಂಬಿಸಬೇಕು, ಪಾಠ ಹಿಂದೆ ಬೀಳಲಿಕ್ಕೆ ಹುಲಿ ಒಂದೇ ಕಾರಣ ಅಲ್ಲ.

ಪಡುಬಿದ್ರಿ_ಅಪ್ಪ
ಅಂದ್ರೆ ನನ್ನ ಪ್ರಶ್ನೆಗೆ ಉತ್ತರ ಇಲ್ಲ. ಮಗ್ಗಿ ಯಾರು ಕಲಿಸುವುದು?

ನಿವೃತ್ತ_ಮೇಷ್ಟ್ರು
ಮಗ್ಗಿ ಬೇಡ ಅಂತ ಯಾರೂ ಹೇಳಲಿಲ್ಲ. ಹುಲಿ ದಿನಕ್ಕೆ ಏಳು ಕೋಳಿ ತಿಂದರೆ ವಾರಕ್ಕೆ ಎಷ್ಟು? ನಿಮ್ಮ ಮಗನ ಹತ್ತಿರ ಕೇಳಿ ನೋಡಿ.

ಪಡುಬಿದ್ರಿ_ಅಪ್ಪ
ಕೇಳಿದೆ. "ಹುಲಿಗೆ ಅಷ್ಟು ಕೋಳಿ ಯಾರು ಕೊಡ್ತಾರೆ" ಅಂದ.

ಕುಂದಾಪ್ರದ್_ಮಾಣಿ
ಮಾಣಿ ಬೆಳಿತಾ 😂😂

ಬಿಸಿಯೂಟ
ನಾನು ಒಬ್ಬಳು ಅತಿಥಿ ಶಿಕ್ಷಕಿ. ನೀವೆಲ್ಲ ಕಥೆ, ಯಕ್ಷಗಾನ ಅಂತ ಚೆಂದ ಮಾತಾಡ್ತೀರಿ. ನಮ್ಮ ಶಾಲೆಯಲ್ಲಿ ಕಾಯಂ ಟೀಚರ್ ಇಬ್ಬರು, ನಾನು ಒಬ್ಬಳು, ತರಗತಿ ಏಳು. ನಾಲ್ಕು ಐದು ಒಟ್ಟಿಗೆ ಕೂರಿಸುತ್ತೇನೆ. ಒಬ್ಬರು ಟ್ರೈನಿಂಗಿಗೆ ಹೋದರೆ ಆರು ಏಳೂ ನನಗೆ. ಮಧ್ಯೆ ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಅದಕ್ಕೆ ಸರ್ವರ್ ಇಲ್ಲ. ಆ ಪುಸ್ತಕದ ಮೇಷ್ಟ್ರಿಗೆ ಒಂದು ಕ್ಲಾಸು, ಒಂದು ವರ್ಷ, ಮೇಲಧಿಕಾರಿಯ ಅನುಮತಿ. ಈ ಮೂರರಲ್ಲಿ ಒಂದು ಸಿಕ್ಕಿದರೂ ನಾನು ಭಾವನಗರಕ್ಕೆ ನಡೆದುಕೊಂಡು ಹೋಗಿ ಕೈ ಮುಗಿದು ಬರ್ತೇನೆ.

ಭಾವನಗರ_ಅಲ್ಲ_ಬಾರ್ಕೂರು
ಇದು ಸರಿಯಾದ ಮಾತು. ಅವನು ಪಠ್ಯಪುಸ್ತಕದ ದುಡ್ಡಿನಲ್ಲಿ ಕಥೆಪುಸ್ತಕ ತರಿಸಿ ಕ್ಲಾಸಲ್ಲೇ ಲೈಬ್ರರಿ ಮಾಡ್ತಾನೆ. ನಮ್ಮಲ್ಲಿ ಪಠ್ಯಪುಸ್ತಕ ಪುಕ್ಕಟೆ ಬರ್ತದೆ, ಆ ದುಡ್ಡೂ ಕೈಗೆ ಸಿಗುವುದಿಲ್ಲ!

ದುಬೈ_ಮಂಗ್ಳೂರಿಗ
ಲೈಬ್ರರಿಗೆ ಪುಸ್ತಕ ಬೇಕಿದ್ದರೆ ನಾವು ಇಲ್ಲಿ ನಾಲ್ಕು ಜನ ಸೇರಿ ಕಳಿಸ್ತೇವೆ ಟೀಚರ್. ಕಳೆದ ಸಲ ನಮ್ಮೂರ ಶಾಲೆಗೆ ಗೋಡೆಗೆ ರೈಲು ಬಿಡಿಸಲಿಕ್ಕೆ ದುಡ್ಡು ಕೊಟ್ಟೆವು, ಬೋಗಿ, ಕಿಟಕಿ ಎಲ್ಲ ಚೆಂದ ಬಂದಿದೆ.

ಮಣಿಪಾಲ್_ಅಮ್ಮ
ಈ ರೈಲಿನ ಪೇಂಟ್ ನೋಡಿದಾಗೆಲ್ಲ ನನಗೆ 'ತೊತ್ತೋಚಾನ್' ಪುಸ್ತಕ ನೆನಪಾಗ್ತದೆ. ಅದರಲ್ಲಿ ಜಪಾನಿನ ತೊಮೊಯೆ ಶಾಲೆಗೆ ನಿಜವಾದ ಹಳೇ ರೈಲು ಬೋಗಿಗಳೇ ಕ್ಲಾಸ್‌ರೂಮು. ಒಳಗೆ ಮಕ್ಕಳು ಯಾವ ವಿಷಯ ಮೊದಲು ಕಲಿಯಬೇಕು ಅಂತ ತಾವೇ ಆರಿಸಿಕೊಳ್ತಾರೆ. ನಾವು ಬೋಗಿಯ ಬಣ್ಣ ಮಾತ್ರ ತಂದೆವು, ಒಳಗೆ ಅದೇ ಬೆಂಚು, ಅದೇ "ಕೈ ಕಟ್ಟಿ ಕೂತ್ಕೊಳ್ಳಿ".

ದುಬೈ_ಮಂಗ್ಳೂರಿಗ
ಆಯ್ತು ಆಯ್ತು, ಈ ಸಲ ಪುಸ್ತಕವೇ ಕಳಿಸ್ತೇನೆ, ಬಯ್ಯಬೇಡಿ.

ನೀರ್ದೋಸೆ
ಕಳಿಸುವುದಾದರೆ ಬೀರುವಿನಲ್ಲಿ ಬೀಗ ಹಾಕುವ ಪುಸ್ತಕ ಬೇಡ. ಹರಿದರೂ ಬೇಜಾರಾಗದ್ದು ಕಳಿಸಿ. ನಮ್ಮಲ್ಲಿ ಲೈಬ್ರರಿ ಉಂಟು, ಕೀ ಹೆಡ್ ಮೇಷ್ಟ್ರ ಹತ್ತಿರ. ಒಂದು ಪುಸ್ತಕ ಕಳೆದರೆ ಚಾರ್ಜ್ ಕೊಡುವಾಗ ಅವರೇ ಕೈಯಿಂದ ಕಟ್ಟಬೇಕು. ಅವರಾದರೂ ಎಂತ ಮಾಡ್ತಾರೆ?

ಅರ್ಥಧಾರಿ
ನಲಿ-ಕಲಿ ಕೂಡ ಹೀಗೇ ಆದದ್ದಲ್ವಾ? 1995ರಲ್ಲಿ ಮೈಸೂರು ಕಡೆಯ ಎಚ್.ಡಿ. ಕೋಟೆಯಲ್ಲಿ ಮೇಷ್ಟ್ರುಗಳೇ ಆಂಧ್ರದ ರಿಷಿವ್ಯಾಲಿ ಶಾಲೆ ನೋಡಿ ಬಂದು ಕಾರ್ಡು ಮಾಡಿದ್ದಂತೆ. ಈಗ ಕಾರ್ಡು ಮೇಲಿಂದ ಬರ್ತದೆ.

ನಿವೃತ್ತ_ಮೇಷ್ಟ್ರು
ಹೌದು, ಅಲ್ಲಿ ಮೊದಲಿಗೆ ಟೀಚರುಗಳು ಕೂತು, ತಮ್ಮ ಮಕ್ಕಳಿಗೆ ಬೇಕಾದ ಹಾಗೆ ಕಲಿಕೆಯ ಏಣಿ (ಒಂದಾದ ಮೇಲೆ ಒಂದು ಕಲಿಯುವ ಮೆಟ್ಟಿಲು) ಮಾಡಿದರು, ಕಾರ್ಡು ಬರೆದರು. ಆಮೇಲೆ ರಾಜ್ಯಕ್ಕೆಲ್ಲ ಬಂತು. ನನಗೆ ಬರುವಾಗ ಡಬ್ಬಿಯಲ್ಲಿ ಬಂತು. ಸುರುವಿನಲ್ಲಿ ನಾನು ವಿರೋಧಿಯೇ. ಬೋರ್ಡು ಬಿಟ್ಟು ನೆಲದಲ್ಲಿ ಮಕ್ಕಳ ಜೊತೆ ಕೂರಬೇಕು, ನನ್ನ ಮಂಡಿ ನೋವಿಗೆ ಆಗುತ್ತದಾ? ಆದರೆ ಒಂದು ಸಂಗತಿ ಒಪ್ಪಿಕೊಳ್ಳಬೇಕು. ಕೆಳಗೆ ಕೂತ ಮೇಲೆ ಮಗು ಅಕ್ಷರ ಯಾವ ಕಡೆಯಿಂದ ಸುತ್ತುತ್ತದೆ ಅಂತ ಮೊದಲ ಸಲ ಸರಿಯಾಗಿ ಕಂಡದ್ದು. 'ಅ' ಬರೆಯುವ ಒಂದು ಹುಡುಗಿ ಬಾಲದಿಂದ ಶುರು ಮಾಡುತ್ತಿದ್ದಳು. ಕುರ್ಚಿಯಲ್ಲಿ ಕೂತು ತಿದ್ದುವಾಗ ಅದು ಗೊತ್ತಾಗುವುದೇ ಇಲ್ಲ, 'ಅ' ಇದ್ದ ಹಾಗೇ ಇರ್ತದೆ.

ಗಿಜುಭಾಯಿಯ ಪುಸ್ತಕದಲ್ಲಿ ನನಗೆ ಇಷ್ಟವಾದದ್ದೂ ಅಂಥದ್ದೇ. ಮಕ್ಕಳ ಉಗುರು, ಕೊಳೆಯಾದ ಟೋಪಿ ಎಲ್ಲ ಅವನಿಗೆ ಕಾಣ್ತದೆ. ಪಾಠದ ಮೊದಲು ಅದನ್ನು ನೋಡ್ತಾನೆ. ಕಥೆ ಹೇಳುವುದು ಯಾರಿಂದಲೂ ಆದೀತು.

ಪಡುಬಿದ್ರಿ_ಅಪ್ಪ
ಇದು ಒಪ್ಪಿದೆ ಮೇಷ್ಟ್ರೇ. ಮೊದಲೇ ಹೀಗೆ ಹೇಳಿದ್ದರೆ ಇಷ್ಟು ಜಗಳ ಇರಲಿಲ್ಲ. ಮಗ್ಗಿಯ ವಿಷಯ ಮಾತ್ರ ನಾನು ಬಿಡುವುದಿಲ್ಲ.

ನಾಲ್ಕನೇ_ಕ್ಲಾಸು
ಹದಿನೈದು ದಿನ ಆಯ್ತು, ಎಂತ ಆಯ್ತು ಅಂತ ಬರೆಯಬೇಕು ಅನ್ನಿಸಿತು.

ಹತ್ತು ನಿಮಿಷಕ್ಕೆ ನಿಲ್ಲಿಸುವುದು ಮೂರು ದಿನ ಸರಿ ನಡೆಯಿತು. ನಾಲ್ಕನೇ ದಿನ ಹೆಂಚಿನ ಮೇಲೆ ಮಳೆ ಎಷ್ಟು ಜೋರು ಅಂದರೆ ನನ್ನ ದನಿ ಎರಡನೇ ಬೆಂಚಿಗೆ ಮುಟ್ಟಲಿಲ್ಲ. ಹುಲಿ ಎಲ್ಲಿಗೆ ಹೋಗಿರಬಹುದು, ನೀವೇ ಬರೆಯಿರಿ ಅಂತ ಬೋರ್ಡಿನಲ್ಲಿ ಬರೆದು ಕೂತೆ. ಹದಿನಾಲ್ಕು ಮಕ್ಕಳು ಎರಡು ಮೂರು ಸಾಲು ಬರೆದವು. ಐದು ಮಕ್ಕಳು ಚಿತ್ರ ಬಿಡಿಸಿದವು, ಅದರಲ್ಲಿ ಮೂರು ಹುಲಿಗಳಿಗೆ ಅಷ್ಟಮಿಯ ಹುಲಿವೇಷದ ಟೋಪಿ ಉಂಟು. ಉಳಿದ ನಾಲ್ಕು ಎಂತದೂ ಬರೆಯಲಿಲ್ಲ. ಆ ನಾಲ್ವರಿಗೆ ಅಕ್ಷರವೇ ಸರಿಯಾಗಿ ಬರುವುದಿಲ್ಲ ಅಂತ ನನಗೆ ಅವತ್ತೇ ಗೊತ್ತಾದದ್ದು. ಇಷ್ಟು ದಿನ ಪಕ್ಕದವರ ಕಾಪಿ ನೋಡಿ ಬರೆಯುತ್ತಿದ್ದರು. ಈಗ ಊಟ ಆದ ಮೇಲೆ ಅವರನ್ನು ಹತ್ತಿರ ಕೂರಿಸಿಕೊಳ್ತೇನೆ.

ಗಣಿತ ಇನ್ನೂ ಹಿಂದೆಯೇ ಇದೆ. ಆ ಪೋಷಕರು ಮತ್ತೆ ಬರಲಿಲ್ಲ, ಒಪ್ಪಿಕೊಂಡು ಸುಮ್ಮನಿದ್ದಾರಾ, ಬೇರೆ ಶಾಲೆ ಹುಡುಕುತ್ತಿದ್ದಾರಾ ಗೊತ್ತಿಲ್ಲ.

ಬಿಸಿಯೂಟ
ನಾಲ್ಕು ಐದು ಒಟ್ಟಿಗೆ ಕೂರಿಸಿ ನಾನೂ ಇದನ್ನು ಮಾಡಿ ನೋಡ್ತೇನೆ. ಟೀಚರ್, ಆ ಪುಸ್ತಕ ಸ್ವಲ್ಪ ದಿನಕ್ಕೆ ಸಿಗಬಹುದಾ? ಬಸ್ಸಿನಲ್ಲಿ ಕೊಟ್ಟು ಕಳಿಸಿದರೂ ಸಾಕು, ಸ್ಟ್ಯಾಂಡಿನಲ್ಲಿ ನಾನೇ ತಕ್ಕೊಳ್ತೇನೆ.

ನಾಲ್ಕನೇ_ಕ್ಲಾಸು
ಕೊಡುತ್ತಿದ್ದೆ ಟೀಚರ್, ಆದರೆ ಅದು ನನ್ನ ಹತ್ತಿರ ಇಲ್ಲ. "ಎಂತ ಉಂಟು ಅದರಲ್ಲಿ ನೋಡುವ" ಅಂತ ಹೆಡ್ ಮೇಷ್ಟ್ರು ತಕ್ಕೊಂಡು ಹೋಗಿದ್ದಾರೆ. ವಾರ ಆಯ್ತು, ವಾಪಸ್ ಕೇಳಲಿಕ್ಕೆ ಧೈರ್ಯ ಇಲ್ಲ.